ಅಬಿ ಇಳಿದಳೆಂದು ಹೇಳುವವಳು

ಜಂಸ್ಕಾರ್ ಕಣಿವೆಯ ತಿಂಗ್ಮೋ ಊರಿನಲ್ಲಿ ಚಳಿಗಾಲದ ಮೊದಲ ದೊಡ್ಡ ಹಿಮ ಬಿದ್ದ ಮೇಲೆ ಯಾರೂ ಊರಾಚೆ ಕಾಲಿಡುತ್ತಿರಲಿಲ್ಲ. ಕುಂಜೆಸ್ ಬಾಯಿ ಬಿಡುವ ತನಕ ಗಂಡಸರು ಒಲೆಯ ಮುಂದೆ ಕೂತು ಉಣ್ಣೆಯ ನೂಲು ತೆಗೆಯುತ್ತಿದ್ದರು, ಹೆಂಗಸರು ಅವರ ಕಾಲು ಎಡವಿ ಎಡವಿ ಬೈಯುತ್ತಿದ್ದರು.

ತಿಂಗ್ಮೋದಿಂದ ಶಾರ್ಲುಂಗಿಗೆ ಇದ್ದದ್ದು ಒಂದೇ ದಾರಿ. ನಡುವೆ ಆ ದಾರಿ ಒಂದು ದೊಡ್ಡ ಕೊರಕಲನ್ನು ಅಡ್ಡ ಹಾಯುತ್ತದೆ. ಬೆಟ್ಟದ ನೆತ್ತಿಯಿಂದ ಹೊಳೆಯ ತನಕ ಚಾಕುವಿನಲ್ಲಿ ಸೀಳಿದ ಹಾಗೆ ಇರುವ ಕೊರಕಲು. ಚಳಿಗಾಲಕ್ಕೊಮ್ಮೆ ಅದರ ಮೇಲಿನ ಹಿಮವೆಲ್ಲ ಕಿತ್ತುಕೊಂಡು ಗುಡುಗುತ್ತಾ ಇಳಿಯುತ್ತದೆ. ಆ ಹಿಮದ ಜರಿತಕ್ಕೆ ಊರವರು ಇಟ್ಟ ಹೆಸರು ಅಬಿ, ಎಂದರೆ ಅಜ್ಜಿ. ಅಜ್ಜಿ ವರ್ಷಕ್ಕೊಂದು ಸಲ ಮನೆಗೆ ಬರುತ್ತಾಳೆ, ಬಂದು ಹೋದ ಮೇಲೆ ಮತ್ತೆ ಮುಂದಿನ ವರ್ಷವೇ ಎಂಬುದು ತಲೆತಲಾಂತರದ ನಂಬಿಕೆ. ಅವಳು ಇಳಿದ ಸದ್ದು ಕೇಳಿದ ಮೇಲೆ ಕುಂಜೆಸಳ ಮನೆಯವರು ಹೋಗಿ, ರಾಶಿ ಬಿದ್ದ ಹಿಮದ ಮೇಲೆ ಜವೆಗೋಧಿಯ ಹೆಂಡ ಛಾಂಗ್ ಸುರಿದು, ಅಲ್ಲಿನ ಮಣಿ ಗೋಡೆಗೆ ಬಿಳಿ ವಸ್ತ್ರ ಕಟ್ಟಿ ಬರಬೇಕು. ಮಾಳಿಗೆ ಹತ್ತಿ ‘ಅಬಿ ಇಳಿದಳು’ ಎಂದು ಕೂಗಬೇಕು. ಕೂಗಿದರೆಂದರೆ ವಸಂತದ ತನಕ ದಾರಿ ತೆರೆದ ಹಾಗೆ. ಮದುವೆ ದಿಬ್ಬಣ, ಬೆಣ್ಣೆ ಹೊರುವವರು, ಬೌದ್ಧ ಮಠ ಗೊಂಪಕ್ಕೆ ಹೋಗುವವರು, ಎಲ್ಲರೂ ಆ ಮಾತಿನ ಮೇಲೆ ಹೆಜ್ಜೆ ಇಡುತ್ತಿದ್ದರು.

ಕೂಗುವ ಹಕ್ಕು ಮೊದಲು ಅವಳ ಅಪ್ಪನದು. ಸಾಯುವ ಮುಂಚೆ ಅವನು ಅದನ್ನು ಮಗ ಗ್ಯಲ್ಸನ್‌ಗೆ ಕೊಡದೆ ಮಗಳಿಗೆ ಕೊಟ್ಟ. ‘ನಿಂದು ಡ್ಜೋ ಕಾಲು ಕಣೋ’ ಎಂದು, ಉಳುವ ಎತ್ತಿಗೆ ಹೋಲಿಸಿ, ಮಗನಿಗೆ ಮುಖದ ಮೇಲೇ ಹೇಳಿದ್ದ. ‘ಉಳೋಕೆ ಸರಿ. ಹಿಮದ ಮೇಲೆ ಇಡೋ ಕಾಲು ಬೇರೆ.’

ಕುಂಜೆಸಳಿಗೆ ಅಪ್ಪ ಕಲಿಸಿದ್ದು ಮಾತಿನಿಂದಲ್ಲ. ಉಣ್ಣೆಯ ಬೂಟು ಹಾಕಿಸಿ, ಕೈಗೆ ಒಂದು ಉದ್ದನೆಯ ವಿಲೋ ಕೋಲು ಕೊಟ್ಟು, ಮುಂದೆ ಬಿಡುತ್ತಿದ್ದ. ಕೋಲನ್ನು ಚುಚ್ಚಬೇಕು. ಒಂದೇ ಸಮನೆ ಬಿಗಿಯಾಗಿ ಇಳಿದರೆ ಒಳ್ಳೆಯದು. ಮೇಲೆ ಗಟ್ಟಿ ಇದ್ದು, ಕೆಳಗೆ ಹೋಗುತ್ತಿದ್ದಂತೆ ಸರಕ್ಕನೆ ಜಾರಿದರೆ, ಅಲ್ಲಿ ಬುಡದಲ್ಲಿ ಹಿಮ ರವೆಯಾಗಿದೆ ಎಂದು ಅರ್ಥ. ರವೆಯ ಮೇಲೆ ರೊಟ್ಟಿ ಇಟ್ಟರೆ ನಿಂತೀತೇ? ಬೆಟ್ಟದ ನೆತ್ತಿ ಒಲೆಯ ಹಾಗೆ ಹೊಗೆಯಾಡಿದರೆ ಗಾಳಿ ಅತ್ತಲಿನ ಹಿಮವನ್ನು ಇತ್ತ ಹೊತ್ತು ಹಾಕುತ್ತಿದೆ ಎಂದು ತಿಳಿಯಬೇಕು. ಕೊರಕಲಿನ ಕೆಳಗೆ ನಗಾರಿ ಬಾರಿಸಬಾರದು ಎಂಬುದಕ್ಕೂ ಅವನದೇ ಒಂದು ಕಾರಣ ಇತ್ತು. ‘ಅಬಿಯ ನಿದ್ದೆ ಕೆಡ್ತದೆ ಅಂತ ಎಲ್ರೂ ಹೇಳ್ತಾರೆ. ಹಾಗಲ್ಲ ಮಗಾ. ಅವಳು ಎದ್ದರೆ ನಮಗೆ ಕೇಳಿಸಬೇಕಲ್ಲ, ಅದಕ್ಕೆ.’

ಅವಳು ಮದುವೆಯಾಗಲಿಲ್ಲ. ಒಂದು ಸಲ ಒಬ್ಬ ಗಂಡು ನೋಡಲು ಬಂದಿದ್ದ. ಅವನು ಕಣ ದಾಟಿ ಬರುವುದನ್ನು ಕಿಟಕಿಯಿಂದ ನೋಡಿದವಳೇ ಬೇಡವೆಂದಳು. ಅಣ್ಣ ಕೇಳಿದ್ದಕ್ಕೆ, ‘ತುಳೀತಾನೆ ಕಣೋ, ಕೇಳೋದಿಲ್ಲ. ಅಂಥವನ ಹಿಂದೆ ನಾನ್ಯಾಕೆ ಹೋಗಿ ಹೂತುಕೊಳ್ಲಿ?’ ಅಂದಳಂತೆ. ಆಮೇಲೆ ಯಾರೂ ಬರಲಿಲ್ಲ. ಅವಳೂ ಅದಕ್ಕೆ ಕೊರಗಿದವಳಲ್ಲ. ಅಣ್ಣನ ಮಗಳು ಯಾಂಗ್‌ದೋಲಳನ್ನು ಎತ್ತಿ ಆಡಿಸಿ, ಒಣಗಿದ ಗಿಣ್ಣಿನ ಚೂರನ್ನು ತಾನು ಚೀಪಿ ಮೆತ್ತಗೆ ಮಾಡಿ ಅದರ ಬಾಯಿಗಿಟ್ಟು ಬೆಳೆಸಿದಳು.

ಆ ಯಾಂಗ್‌ದೋಲಳಿಗೇ ಶಾರ್ಲುಂಗಿನಲ್ಲಿ ಸಂಬಂಧ ಗೊತ್ತಾಯಿತು.

ಆ ವರ್ಷ ಹಿಮ ಬೇಗ ಬಿತ್ತು, ತೆಳ್ಳಗೆ ಬಿತ್ತು. ಅಬಿಯೂ ಬೇಗ ಇಳಿದಳು. ಕುಂಜೆಸ್ ಹೋಗಿ ಛಾಂಗ್ ಸುರಿದಳು, ವಸ್ತ್ರ ಕಟ್ಟಿದಳು, ಮಾಳಿಗೆಯಿಂದ ಕೂಗಿದಳು. ಎಲ್ಲವೂ ಪದ್ಧತಿಯ ಪ್ರಕಾರ. ಆಮೇಲೆ ಬಹಳ ದಿನ ಆಕಾಶ ಒರೆಸಿಟ್ಟ ತಾಮ್ರದ ತಟ್ಟೆಯಂತೆ ಇತ್ತು. ಉಗುಳಿದರೆ ನೆಲ ಮುಟ್ಟುವ ಮುಂಚೆ ಗಡ್ಡೆಕಟ್ಟುವ ಚಳಿ. ಮದುವೆ ಹತ್ತಿರ ಬಂದಾಗ ಮತ್ತೆ ಹಿಮ ಬಿತ್ತು. ಜೊತೆಗೇ ಬೆಟ್ಟದ ಬೆನ್ನಿನ ಕಡೆಯಿಂದ ಗಾಳಿ ಎದ್ದಿತು. ಯಾವತ್ತೂ ಆ ಕಡೆಯಿಂದ ಬೀಸದ ಗಾಳಿ. ನೆತ್ತಿ ಹಗಲೆಲ್ಲ ಹೊಗೆಯಾಡಿತು. ಕುಂಜೆಸ್ ಅಂಗಳದಲ್ಲಿ ನಿಂತು ಅದನ್ನು ನೋಡಿದಳು. ಆದರೆ ಅಬಿ ಇಳಿದಾಗಿತ್ತು. ಇಳಿದ ಅಜ್ಜಿಯ ತಲೆಯ ಮೇಲೆ ಗಾಳಿ ಏನು ಸುರಿದರೆ ಏನು? ಹೀಗೆ ಅವಳೂ ಅಂದುಕೊಂಡಳು, ಊರೂ ಅಂದುಕೊಂಡಿತು.

ಹೆಣ್ಣನ್ನು ಕರೆದೊಯ್ಯಲು ಗಂಡಿನ ಕಡೆಯ ಹಾಡುಗಾರರು ಬಂದರು. ನ್ಯೋಪಾ ಎಂದು ಕರೆಯುತ್ತಾರೆ ಅವರನ್ನು. ಅವರ ಮುಖ್ಯಸ್ಥ ತರ್ಚಿನ್, ಬಿರಿದ ಮೀಸೆಯ, ಗಂಟೆಯಂಥ ಕೊರಳಿನ ಮನುಷ್ಯ. ಬಾಗಿಲಲ್ಲಿ ಹೆಣ್ಣಿನ ಕಡೆಯವರು ಒಗಟು ಹಾಕಬೇಕು, ಅವನು ಬಿಡಿಸಿದರೆ ಮಾತ್ರ ಒಳಗೆ ಪ್ರವೇಶ. ಕುಂಜೆಸ್ ಹೊಸ್ತಿಲ ಮೇಲೆ ನಿಂತು ಕೇಳಿದಳು:

‘ಹಲ್ಲಿಲ್ಲದ ಮುದುಕಿ, ವರ್ಷಕ್ಕೊಂದು ಸಲ ನಗ್ತಾಳೆ, ನಕ್ಕರೆ ಬೆಟ್ಟ ನಡುಗ್ತದೆ. ಯಾರು?’

ತರ್ಚಿನ್ ಗಲ್ಲ ಕೆರೆದುಕೊಂಡ. ‘ಅಬಿ ಅನ್ನಲೋ, ಕುಂಜೆಸ್ ಅಚೆ ಅನ್ನಲೋ ಗೊತ್ತಾಗ್ತಿಲ್ಲ. ಇಬ್ಬರನ್ನೂ ಕಂಡರೆ ಗಂಡಸರು ಓಡ್ತಾರೆ.’

ಅಚೆ ಎಂದರೆ ಅಕ್ಕ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಕುಂಜೆಸ್. ಆ ರಾತ್ರಿ ಅವನ ಚಹಾಕ್ಕೆ ಉಳಿದವರಿಗಿಂತ ದೊಡ್ಡ ಬೆಣ್ಣೆಯ ಮುದ್ದೆ ಹಾಕಿದಳು.

ಬೆಳಗ್ಗೆ ಯಾಂಗ್‌ದೋಲ್ ಹೊಸ್ತಿಲು ದಾಟಿದಳು. ತಲೆಯ ಮೇಲೆ ನೀಲಿ ಕಲ್ಲುಗಳನ್ನು ಹೊಲಿದ ಭಾರದ ಪೆರಾಕ್, ಮೈಮೇಲೆ ಕುರಿಚರ್ಮದ ಹೊದಿಕೆ. ಹೊಸ್ತಿಲು ದಾಟಿದ ಹೆಣ್ಣು ಗಂಡನ ಮನೆ ಸೇರುವ ತನಕ ಹಿಂದಿರುಗಬಾರದು, ಹಿಂದಿರುಗಿ ನೋಡಲೂ ಬಾರದು. ಹಿಂದಿರುಗಿದರೆ ಎರಡು ಮನೆಯ ಒಲೆಯೂ ಆರುತ್ತದೆ ಎನ್ನುತ್ತಾರೆ. ಅಳುತ್ತಾ ಅಳುತ್ತಾ ಅವಳು ಮುಂದೆ ನೋಡಿಕೊಂಡೇ ನಡೆದಳು. ಹಿಂದೆ ಬಳುವಳಿಯ ತಾಮ್ರದ ಹಂಡೆ, ಪರಾತಗಳನ್ನು ಹೊತ್ತವರು. ಅಣ್ಣ ಗ್ಯಲ್ಸನ್, ನಗಾರಿಯವನು, ತರ್ಚಿನ್ ಮತ್ತು ಅವನ ಹಾಡುಗಾರರು. ಎಲ್ಲರಿಗೂ ಮುಂದೆ ಕೋಲು ಹಿಡಿದು ಕುಂಜೆಸ್.

ಕೊರಕಲಿನ ಅಂಚಿಗೆ ಸ್ವಲ್ಪ ಈಚೆ ಮಣಿ ಗೋಡೆ ಇದೆ. ಮಂತ್ರ ಕೆತ್ತಿದ ಚಪ್ಪಡಿಗಳನ್ನು ಜೋಡಿಸಿದ, ಎದೆಯೆತ್ತರದ ಉದ್ದ ಗೋಡೆ. ದಾಟುವವರು ಅಲ್ಲಿ ನಿಂತು, ಸೊಂಟಕ್ಕೆ ಸುತ್ತಿದ ಉಣ್ಣೆಯ ಪಟ್ಟಿಯನ್ನು ಬಿಚ್ಚಿ ಒಂದು ತುದಿಯನ್ನು ತೋಳಿಗೆ ಬಿಗಿದು ಉಳಿದದ್ದನ್ನು ಹಿಂದೆ ಎಳೆಯುತ್ತಾ ಒಬ್ಬೊಬ್ಬರೇ ಹೋಗಬೇಕು. ಹಿಮ ಹೊತ್ತುಕೊಂಡು ಹೋದರೂ ಹಗುರಾದ ಪಟ್ಟಿ ಮೇಲೆ ತೇಲುತ್ತದೆ, ಅದನ್ನು ಹಿಡಿದು ಮನುಷ್ಯನನ್ನು ಹುಡುಕಬಹುದು. ಅಬಿ ಇಳಿದ ಮೇಲೆ ಇದೆಲ್ಲ ಬರಿಯ ಶಾಸ್ತ್ರ. ಆದರೂ ನಗಾರಿ ನಿಂತಿತು. ಎಲ್ಲರೂ ಪಟ್ಟಿ ಬಿಚ್ಚಿದರು. ತರ್ಚಿನ್ ತನ್ನ ಕೆಂಪು ಪಟ್ಟಿಯನ್ನು ಕೊರಳಿಗೆ ಹಾರದಂತೆ ಹಾಕಿಕೊಂಡ.

‘ತೋಳಿಗೆ ಕಟ್ಟೋ’ ಎಂದಳು ಕುಂಜೆಸ್.

‘ಮದುಮಗನ ಕಡೆಯೋನು ನಾನು. ಹಾರ ಬೇಡವಾ ನನಗೆ?’

ಅವಳು ನಗುತ್ತಲೇ ಕೊರಕಲಿನ ಅಂಚಿಗೆ ಹೋದಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು.

ಕಾಲ ಕೆಳಗೆ ಏನೋ ಉಸಿರು ಬಿಟ್ಟಿತು.

ಹಟ್ಟಿಯಲ್ಲಿ ದೊಡ್ಡ ಹಸು ಮಲಗುವಾಗ ಬಿಡುವಂಥ, ಹೊಟ್ಟೆಯಾಳದಿಂದ ಬರುವ ಉಸಿರು. ಇಡೀ ನೆಲ ಒಂದು ಕೂದಲೆಳೆಯಷ್ಟು ಕೂತುಕೊಂಡಿತು. ಬೂಟಿನ ತುದಿಯಿಂದ ಒಂದು ಬಿರುಕು ಹಾವಿನ ಮರಿಯಂತೆ ಓಡಿತು. ಕುಂಜೆಸ್ ಮೆಲ್ಲಗೆ ಕೋಲು ಚುಚ್ಚಿದಳು. ಗಟ್ಟಿ, ಗಟ್ಟಿ, ಆಮೇಲೆ ಸರಕ್ಕನೆ ಕೈತನಕ ಒಳಗೆ. ಬುಡದಲ್ಲೆಲ್ಲ ರವೆ. ಮೇಲೆ ಗಾಳಿ ಹೊತ್ತು ತಂದು ಅಡಕಿದ ಹಲಗೆಯಂಥ ಹಿಮ. ತಲೆ ಎತ್ತಿ ನೋಡಿದಳು. ಕೊರಕಲಿನ ಮೇಲಿನ ಬೋಗುಣಿಯಂಥ ತಗ್ಗು ತುಂಬಿ ಉಬ್ಬಿತ್ತು, ಹೊಳೆಯುತ್ತಿತ್ತು, ಅದರ ಮೇಲೆ ಬಿಸಿಲು ಬಿದ್ದಿತ್ತು. ಇಂಥ ಅಬಿಯನ್ನು ಅವಳು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಇಳಿದು ಹೋದವಳು ಎದ್ದು ಮತ್ತೆ ಪಟ್ಟದಲ್ಲಿ ಕೂತಿದ್ದಳು.

ಇಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ಹಿಂದೆ ಬಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬಂತೆ, ಅವಳ ಮನೆತನದಲ್ಲಿ ಕೂಗಿದ ಮಾತನ್ನು ವಾಪಸು ತೆಗೆದುಕೊಂಡವರು ಯಾರೂ ಇರಲಿಲ್ಲ.

‘ಅಬಿ ಇಳಿದಿಲ್ಲ’ ಎಂದಳು.

ಗ್ಯಲ್ಸನ್‌ಗೆ ಅರ್ಥವಾಗಲಿಲ್ಲ. ‘ಏನಂದೆ? ಛಾಂಗ್ ಸುರಿದು ಬಂದೋಳು ನೀನೇ ಅಲ್ವೇನೇ?’

‘ನಾನೇ. ಇಳಿದಿದ್ದಳು. ಮತ್ತೆ ಹತ್ತಿ ಕೂತಿದಾಳೆ.’

‘ವಯಸ್ಸಾದ ಹೆಂಗಸರು ಬೆಟ್ಟ ಹತ್ತಲ್ಲ ಅಚೆ’ ಎಂದ ತರ್ಚಿನ್. ‘ಮೊಣಕಾಲು ನೋವು ಅಂತಾರೆ.’

ಯಾರೂ ನಗಲಿಲ್ಲ. ಅವಳ ಮುಖ ನೋಡಿ ಅವನಿಗೂ ನಗು ಬತ್ತಿತು.

‘ಹಾಗಾದರೆ ಏನ್ ಮಾಡು ಅಂತೀಯ?’ ಗ್ಯಲ್ಸನ್ ದನಿ ಏರಿತು. ‘ಮಗಳನ್ನ ವಾಪಸು ಕರ್ಕೊಂಡು ಹೋಗ್ಲಾ? ಹೊಸ್ತಿಲು ದಾಟಿದ ಹೆಣ್ಣನ್ನ? ಅಲ್ಲಿ ಅವರು ಅಂಗಳದಲ್ಲಿ ಬೆಂಕಿ ಹಾಕಿ ಕಾಯ್ತಿದಾರೆ. ಮೊದಲೇ ಗಟ್ಟಿಯಾಗಿ ನೋಡಿ ಕೂಗಬಾರದಾಗಿತ್ತಾ ನೀನು?’

‘ಬೈಯೋದಿದ್ರೆ ಆಮೇಲೆ ಬೈಯಣ್ಣ. ಈಗ ದಾಟೋದು ಬೇಡ.’

‘ನಾನು ಬರುವಾಗ ಇದೇ ದಾರೀಲಿ ಬಂದಿದೀನಿ’ ಎಂದ ತರ್ಚಿನ್. ‘ನಿನ್ನೆ.’

‘ನಿನ್ನೆ ನಿನ್ನನ್ನ ಬಿಟ್ಟಿದಾಳೆ. ಇವತ್ತು ನನ್ನ ಕಾಲಡಿ ಉಸಿರು ಬಿಟ್ಟಳು.’

ಅಬಿಯ ವಿಷಯದಲ್ಲಿ ಅವಳಿಗೆ ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ, ಶಾಸ್ತ್ರಕ್ಕೆ ಎದುರು ಮಾತಾಡುವ ಧೈರ್ಯ ಕುಂಜೆಸಳಿಗೂ ಇರಲಿಲ್ಲ. ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಬಿಸಿಲು ಕೊರಕಲಿನಿಂದ ಹೋಗುವ ತನಕ ಕಾಯುವುದು. ಚಳಿಗೆ ಹಿಮ ಬಿಗಿದುಕೊಂಡಿದೆಯೇ ಎಂದು ಅವಳೇ ಇನ್ನೊಮ್ಮೆ ನೋಡುವುದು. ಬಿಗಿಯದಿದ್ದರೆ ಶಾಸ್ತ್ರ ಹಾಳಾಗಿ ಹೋಗಲಿ, ಎಲ್ಲರೂ ಊರಿಗೆ.

‘ಇಲ್ಲೇ ಮಣಿ ಗೋಡೆ ಹತ್ರ ಕೂತಿರಿ’ ಎಂದಳು. ‘ಇಲ್ಲಿ ಭಯ ಇಲ್ಲ. ಅಬಿ ಇಲ್ಲೀ ತನಕ ಯಾವತ್ತೂ ಬಂದಿಲ್ಲ.’

ಎಲ್ಲರೂ ಕೂತರು. ಗಾಳಿ ಗೋಡೆಯ ಸಂದಿನಲ್ಲಿ ಸಿಳ್ಳೆ ಹಾಕುತ್ತಿತ್ತು. ಯಾಂಗ್‌ದೋಲಳ ಹಲ್ಲು ಕಟಕಟ ಎನ್ನತೊಡಗಿತು. ಪೆರಾಕಿನ ಕಲ್ಲುಗಳು ಅವಳ ಹಣೆಯ ಮೇಲೆ ಮಂಜುಗಡ್ಡೆಯಂತೆ ಕೊರೆಯುತ್ತಿದ್ದವು. ಬಂದ ದಾರಿಯಲ್ಲಿ, ಗುಡ್ಡದ ಮೂಗಿನ ಆಚೆ, ಗಾಳಿ ತಾಗದ ಕಡೆ ಒಂದು ಕುರಿದೊಡ್ಡಿ ಇತ್ತು. ಬೆಳಗ್ಗೆಯಿಂದ ಒಂದು ಮಾತೂ ಆಡದಿದ್ದ ಹುಡುಗಿ ಬಾಯಿ ಬಿಟ್ಟಳು.

‘ಅತ್ತೇ, ನನ್ನ ಕೈಲಿ ಕೂರಕ್ಕಾಗಲ್ಲ. ದೊಡ್ಡಿಗೆ ಹೋಗ್ತೀನಿ.’

‘ಹಿಂದಿರುಗಬಾರದು ಕಣೇ ನೀನು’ ಎಂದ ಗ್ಯಲ್ಸನ್.

‘ಯಾರು ಹಿಂದಿರುಗ್ತಾರೆ? ಮುಖ ಶಾರ್ಲುಂಗಿನ ಕಡೆಗೇ ಇಟ್ಕೊಂಡು ಹಿಂದಕ್ಕೆ ನಡೀತೀನಿ. ಮುಖ ತಿರುಗಿದರೆ ತಾನೇ ದೋಷ?’

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಲ್ಲರಿಗೂ ಒಮ್ಮೆಗೇ ಜೀವ ಬಂತು. ಚಳಿ ತಡೆಯಲಾರದೆ ಕೂತಿದ್ದವರಿಗೆ ಇಷ್ಟು ಸಾಕಾಗಿತ್ತು. ಹಂಡೆ ಹೊತ್ತವರು ಎದ್ದರು, ಹಾಡುಗಾರರು ಎದ್ದರು. ಕುಂಜೆಸಳಿಗೂ ಅದು ಬೇಡವೆನಿಸಲಿಲ್ಲ, ಬೇಕೆಂದೂ ಅನಿಸಲಿಲ್ಲ. ‘ಚಳಿ ಅಂದ್ರೆ ಹೋಗೋಣ. ಇಲ್ಲೇ ಇದ್ರೂ ಏನಾಗಲ್ಲ’ ಎಂದಳು.

ತರ್ಚಿನ್ ಮಾತ್ರ ಏಳಲಿಲ್ಲ. ಗೋಡೆಗೆ ಬೆನ್ನು ಆನಿಸಿ ಕಾಲು ಚಾಚಿದ. ‘ನೀವು ಹೋಗಿ. ಹೆಣ್ಣು ಕರೆಯೋಕೆ ಹೋದ ತರ್ಚಿನ್ ಹಿಂದಕ್ಕೆ ನಡೆದ ಅಂತ ಶಾರ್ಲುಂಗಲ್ಲಿ ನನ್ನ ಮೇಲೇ ಹಾಡು ಕಟ್ತಾರೆ. ಅಚೆ ಹೇಳಿದಾಳಲ್ಲ, ಭಯ ಇಲ್ಲ ಅಂತ. ಇಲ್ಲೇ ಕೂತು ಅಜ್ಜಿಗೆ ಕಾವಲು ಕಾಯ್ತೀನಿ.’

‘ಕೂತ್ಕೋ’ ಎಂದಳು ಕುಂಜೆಸ್. ‘ಕೊರಳು ಮಾತ್ರ ಎತ್ತಬೇಡ. ನಿನ್ನ ದನಿ ಕೇಳಿದರೆ ಅವಳೇ ಮದುವೆಗೆ ಬಂದಾಳು.’

ಅವಳು ಅವನಿಗೆ ಹೇಳಿದ ಕೊನೆಯ ಮಾತು ಅದು.

ಯಾಂಗ್‌ದೋಲಳ ಎರಡೂ ಕೈ ಹಿಡಿದು, ಅವಳ ಹೆಗಲ ಆಚೆ ದಾರಿ ನೋಡುತ್ತಾ, ಕುಂಜೆಸ್ ಅವಳನ್ನು ಹಿಂದಕ್ಕೆ ನಡೆಸಿದಳು. ‘ಕಲ್ಲಿದೆ. ಎಡಗಾಲು ಎತ್ತು. ಹ್ಞಾಂ.’ ಹುಡುಗಿಯ ಮುಖ ಕೊರಕಲಿನ ಕಡೆಗೆ, ಅತ್ತೆಯ ಬೆನ್ನು ಕೊರಕಲಿನ ಕಡೆಗೆ. ಮಗುವಾಗಿದ್ದಾಗ ನಡೆಯಲು ಕಲಿಸಿದ್ದೂ ಹೀಗೇ ಎಂದು ನೆನೆದು ಇಬ್ಬರಿಗೂ ನಗು ಬಂತು. ಗುಡ್ಡದ ಮೂಗು ತಿರುಗುವುದಕ್ಕೆ ಇನ್ನು ಸ್ವಲ್ಪವೇ ಇತ್ತು. ಉಳಿದವರು ಆಗಲೇ ತಿರುಗಿಯಾಗಿತ್ತು.

ಯಾಂಗ್‌ದೋಲಳ ನಗು ನಿಂತಿತು. ಕಣ್ಣು ಅಗಲವಾಯಿತು. ಆ ಎರಡು ಕಣ್ಣಿನ ಗೊಂಬೆಯಲ್ಲಿ ಬೆಳ್ಳಗೆ ಏನೋ ಏಳುತ್ತಿರುವುದನ್ನು ಕುಂಜೆಸ್ ಕಂಡಳು. ಆಮೇಲೆ ಸದ್ದು ಬಂತು. ಸದ್ದಿಗಿಂತ ಮುಂಚೆ ಗಾಳಿ ಬಂತು. ಬೆನ್ನಿಗೆ ಗೋಡೆಯೇ ಬಂದು ಗುದ್ದಿದ ಹಾಗೆ. ಇಬ್ಬರೂ ತಬ್ಬಿಕೊಂಡೇ ಬಿದ್ದರು. ಮೂಗಿಗೆ, ಬಾಯಿಗೆ, ಕಿವಿಗೆ ಹಿಟ್ಟಿನಂಥ ಹಿಮ ತುಂಬಿತು. ಹಗಲು ಆರಿಹೋಯಿತು.

ಮತ್ತೆ ಬೆಳಕಾದಾಗ ಕುಂಜೆಸ್ ಎದ್ದು ತಿರುಗಿ ನೋಡಿದಳು.

ಮಣಿ ಗೋಡೆ ಇರಲಿಲ್ಲ.

ಗೋಡೆ ಇದ್ದ ಜಾಗವೂ ಇರಲಿಲ್ಲ. ಅಬಿ ಕೊರಕಲಿನ ಅಂಚನ್ನು ಮೀರಿ, ಅಗಲಕ್ಕೆ ಹರಡಿ, ಮನೆಯೆತ್ತರದ ಹಿಮಗಡ್ಡೆಗಳನ್ನು ಚೆಲ್ಲಿ, ಗುಡ್ಡದ ಮೂಗಿನ ಬುಡದ ತನಕ ಬಂದು ನಿಂತಿದ್ದಳು. ಅವರು ಬಂದ ಹೆಜ್ಜೆ ಗುರುತುಗಳು ಅರ್ಧಕ್ಕೇ ಕತ್ತರಿಸಿ ಹೋಗಿದ್ದವು. ಎಷ್ಟು ತಲೆಮಾರಿನವರು, ಎಷ್ಟು ಮದುಮಕ್ಕಳು, ಅವಳ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಭಯವಿಲ್ಲವೆಂದು ಕೂತು ಚಹಾ ಕುಡಿದ ಜಾಗ. ಇಡೀ ದಿಬ್ಬಣವನ್ನು ಅವಳೇ ಕೂರಿಸಿದ್ದ ಜಾಗ.

‘ತರ್ಚಿನ್!’ ಎಂದು ಕೂಗಿದಳು. ‘ಏ ತರ್ಚಿನ್!’

ಗಂಡಸರು ಓಡಿ ಬಂದರು. ಅವಳು ಅವರನ್ನು ತಡೆದು ನಿಲ್ಲಿಸಿ ಮೇಲೆ ನೋಡಿದಳು. ಬೋಗುಣಿ ಬರಿದಾಗಿತ್ತು, ಕಲ್ಲು ಕಾಣುತ್ತಿತ್ತು. ಆಮೇಲೆ ಬಿಟ್ಟಳು. ಒಬ್ಬ ‘ಅಗೋ, ಅಗೋ ಕೆಂಪು!’ ಎಂದು ಚೀರಿದ. ಹಿಮದ ಮೇಲೆ, ಸ್ವಲ್ಪ ಕೆಳಗೆ, ತರ್ಚಿನ್‌ನ ಸೊಂಟಪಟ್ಟಿಯ ತುದಿ ನೆತ್ತರ ಹನಿಯಂತೆ ಕಾಣುತ್ತಿತ್ತು. ಹೋದ ಜೀವ ಬಂದ ಹಾಗಾಯಿತು ಎಲ್ಲರಿಗೂ. ಗ್ಯಲ್ಸನ್ ಮೊಣಕಾಲೂರಿ ಅದನ್ನು ಹಿಡಿದು, ಬಿಗಿ ಸಿಕ್ಕಲೆಂದು ಮೆಲ್ಲಗೆ ಎಳೆದ.

ಪಟ್ಟಿ ಹಗುರವಾಗಿ ಬಂತು. ಬಂತು, ಬಂತು, ಪೂರಾ ಬಂತು. ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲ.

ಗ್ಯಲ್ಸನ್ ಅದನ್ನು ಕೈಯಲ್ಲಿ ಹಿಡಿದು ತಂಗಿಯ ಮುಖ ನೋಡಿದ. ಮೊದಲು ಅಲುಗಿದವಳು ಯಾಂಗ್‌ದೋಲ್. ಪೆರಾಕ್ ಕಿತ್ತು ತಂದೆಯ ಕೈಗಿಟ್ಟು, ಬಳುವಳಿಯ ಮೂಟೆ ಬಿಚ್ಚಿ, ದೊಡ್ಡ ಪರಾತ ಎಳೆದುಕೊಂಡು ಅಗೆಯತೊಡಗಿದಳು. ಆಮೇಲೆ ಎಲ್ಲರೂ ಒಂದೊಂದು ಪಾತ್ರೆ ಹಿಡಿದರು. ಕುಂಜೆಸ್ ಕೋಲು ಚುಚ್ಚುತ್ತಾ ಹೋದಳು. ಹಿಮ ಆಗಲೇ ಕಲ್ಲಾಗಿತ್ತು. ಹೊಸ ತಾಮ್ರ ಅದಕ್ಕೆ ಬಡಿದು ಗಣಗಣ ಎನ್ನುತ್ತಿತ್ತು. ಅಬಿಯ ಕೆಳಗೆ ಸದ್ದು ಮಾಡಬಾರದೆಂದು ಯಾರಿಗೂ ನೆನಪಿರಲಿಲ್ಲ.

ಕೋಲಿಗೆ ಮೆತ್ತಗಿನದೇನೋ ತಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ತರ್ಚಿನ್ ಮಂತ್ರದ ಚಪ್ಪಡಿಗಳ ನಡುವೆ, ಕೂತವನು ಕೂತ ಹಾಗೇ ಇದ್ದ. ಮೀಸೆಯ ಮೇಲೆ ಉಸಿರು ಗಡ್ಡೆ ಕಟ್ಟಿತ್ತು. ಸ್ವಲ್ಪ ಹೊತ್ತು ಉಸಿರಾಡಿದ್ದಾನೆ ಎಂದು ಅದನ್ನು ನೋಡಿದ ಕುಂಜೆಸಳಿಗೆ ಗೊತ್ತಾಯಿತು. ಅವಳು ಯಾರಿಗೂ ಹೇಳಲಿಲ್ಲ. ಪಟ್ಟಿಯನ್ನು ತಂದು ಅವನ ತೋಳಿಗೆ ಬಿಗಿಯಾಗಿ ಕಟ್ಟಿದಳು. ಎರಡು ಗಂಟು ಹಾಕಿದಳು.

ಮಾರನೆಯ ದಿನ ಅವಳು ಮುಂದೆ ನಡೆದು, ಪ್ರತಿ ಹೆಜ್ಜೆಗೂ ಕೋಲು ಚುಚ್ಚಿ, ಹೆಣವನ್ನೂ ಹೆಣ್ಣನ್ನೂ ಶಾರ್ಲುಂಗ್ ಮುಟ್ಟಿಸಿದಳು. ಅಲ್ಲಿ ನಗಾರಿ ಬಾರಿಸಲಿಲ್ಲ. ಮದುಮಗನ ತಾಯಿ ತಗ್ಗುಬಿದ್ದ ಪರಾತಗಳನ್ನು ಒಂದೊಂದಾಗಿ ಎತ್ತಿ ನೋಡಿದಳು, ಸೊಸೆಯ ಒಡೆದ ಬೆರಳುಗಳನ್ನು ನೋಡಿದಳು, ಶಕುನದ ಮಾತೆತ್ತದೆ ಅವಳನ್ನು ಒಳಗೆ ಕರೆದುಕೊಂಡಳು. ಆಮೇಲೆ ಕುಂಜೆಸಳ ಕೈ ಹಿಡಿದು, ‘ನೀನಿಲ್ದೆ ಇದ್ರೆ ಎಲ್ರೂ ಹೋಗ್ತಿದ್ರಲ್ಲಾ ಅಚೆ, ನೀನೇ ಉಳಿಸಿದ್ದು’ ಎಂದಳು.

‘ನಾನಲ್ಲ’ ಎಂದಳು ಕುಂಜೆಸ್. ‘ನಾನು ಎಲ್ರನ್ನೂ ಅಲ್ಲೇ ಕೂರಿಸಿದ್ದೆ. ನಿನ್ನ ಸೊಸೆಗೆ ಚಳಿ ಆಯ್ತು, ಅದಕ್ಕೆ ಉಳಿದ್ರು. ಒಬ್ಬ ನನ್ನ ಮಾತು ಕೇಳಿ ಕೂತ.’

ಆ ಮುದುಕಿಗೆ ಅದು ವಿನಯದ ಮಾತಾಗಿ ಕೇಳಿಸಿತು. ಊರವರಿಗೂ ಹಾಗೇ ಕೇಳಿಸಿತು. ಅಬಿಯನ್ನು ಬೆಟ್ಟದ ಮೇಲೆ ಕಂಡುಹಿಡಿದ ಕುಂಜೆಸ್ ಎಂದು ಅವಳ ಹೆಸರು ಕಣಿವೆಯಲ್ಲೆಲ್ಲ ಹರಡಿತು. ಹೊಗಳಿದಷ್ಟೂ ಅವಳು ಬೆಚ್ಚುತ್ತಿದ್ದಳು. ಚಹಾ ಕಡೆಯುತ್ತಾ ಕೂತವಳು ತಟ್ಟನೆ ಕೈ ನಿಲ್ಲಿಸಿ ತನ್ನ ಪಾದಗಳನ್ನೇ ನೋಡುತ್ತಿದ್ದಳು, ಅವು ಬೇರೆ ಯಾರದೋ ಎಂಬಂತೆ.

ವಸಂತದಲ್ಲಿ ಹಿಮ ಕರಗಿ ಚಪ್ಪಡಿಗಳು ಹೊಳೆಯ ದಡದ ತನಕ ಚೆಲ್ಲಿಬಿದ್ದದ್ದು ಕಂಡಿತು. ಹಳೆಯ ಜಾಗದಲ್ಲೇ ಗೋಡೆ ಕಟ್ಟೋಣವೆಂದರು. ಅವಳು ಒಪ್ಪಲಿಲ್ಲ. ಮೊದಲ ಚಪ್ಪಡಿಯನ್ನು ತಾನೇ ಬೆನ್ನಿಗೆ ಹೊತ್ತು ಗುಡ್ಡದ ಮೂಗಿನ ಆಚೆ, ಕುರಿದೊಡ್ಡಿಯ ಹತ್ತಿರ ಇಟ್ಟಳು. ಆ ದಾರಿಯಲ್ಲಿ ಹೋಗುವವರೆಲ್ಲ ಒಂದೊಂದು ಹೊರಬೇಕೆಂದು ಕಟ್ಟಳೆ ಮಾಡಿದಳು. ಗ್ಯಲ್ಸನ್ ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಹೊತ್ತ. ಡ್ಜೋ ಕಾಲು ಎಂದು ಅಪ್ಪ ಬೈದದ್ದು ಒಂದು ದಿನಕ್ಕಾದರೂ ಕೆಲಸಕ್ಕೆ ಬಂತು ಎಂದ.

ಮುಂದಿನ ಚಳಿಗಾಲ ಅಬಿ ಇಳಿದ ಸದ್ದು ಊರಿಗೆಲ್ಲ ಕೇಳಿಸಿತು. ಕುಂಜೆಸ್ ಹೋಗಿ ಛಾಂಗ್ ಸುರಿದು ಬಂದಳು. ಜನ ಅಂಗಳದಲ್ಲಿ ಸೇರಿ ಮಾಳಿಗೆಯ ಕಡೆ ಮುಖ ಎತ್ತಿದರು. ಅವಳು ಮಾಳಿಗೆ ಹತ್ತಲಿಲ್ಲ. ಹೊಸ್ತಿಲಲ್ಲೇ ನಿಂತು, ಎಲ್ಲರೂ ಕಿವಿಗೊಟ್ಟು ಕೇಳಬೇಕಾದಷ್ಟು ಮೆಲ್ಲಗೆ ಹೇಳಿದಳು:

‘ಬಂದಿದಾಳೆ. ಹೋದಳೋ ಇಲ್ಲವೋ ಗೊತ್ತಿಲ್ಲ. ಹೋಗೋರು ನನ್ನನ್ನ ಕರೀರಿ, ದಿನಾ ನೋಡ್ತೀನಿ.’

ಹಾಗೆ ಹೇಳಿ ಕೋಲು ತೆಗೆದುಕೊಂಡು, ಯಾರೂ ಕರೆಯುವ ಮುಂಚೆಯೇ ಹೊರಟಳು.